ಮೇಷ್ಟ್ರ ಮಸಲ್ ಕಾರು

ಬೆನಕಪ್ಪ ಮೇಷ್ಟ್ರ ಅಂಗಳದಲ್ಲಿ ಒಂದು ಅಂಬಾಸಿಡರ್ ಕಾರು ನಿಂತಿತ್ತು. ಅದು ಬೆನಕಪ್ಪ ಮೇಷ್ಟ್ರದಾಗಿರಲಿಲ್ಲ. ಅವರ ಬಾಳಿನ ದುಃಖವೆಲ್ಲ ಈ ಎರಡು ವಾಕ್ಯಗಳ ನಡುವೆ ಇತ್ತು.

ಕಾರು ಮಾವ ಹಾಲಸ್ವಾಮಿಯವರದು. ಹರಪನಹಳ್ಳಿಯಲ್ಲಿ ಅವರು ಕಾರು ಕೊಂಡು ಮನೆಗೆ ತಂದ ದಿನವೇ ಒಂದು ಸಂಗತಿ ಬೆಳಕಿಗೆ ಬಂತು. ಅವರ ಓಣಿಯೊಳಗೆ ಕಾರು ಹೋಗುತ್ತದೆ, ಆದರೆ ಬಾಗಿಲು ತೆರೆಯುವುದಿಲ್ಲ. (ಒಳಗಿದ್ದವರನ್ನು ಕಾರಿನ ಕಿಟಕಿಯಿಂದ ಎಳೆದು ಪಕ್ಕದ ಮನೆಯ ಕಿಟಕಿಯೊಳಗೆ ಇಳಿಸಿಕೊಂಡರು ಎಂದು ಊರವರು ಹೇಳುತ್ತಾರೆ. ಹಾಲಸ್ವಾಮಿಯವರು ಇದನ್ನು ಒಪ್ಪುವುದಿಲ್ಲ.) ಹೀಗಾಗಿ ಕಾರು ಕೊಟ್ಟೂರಿಗೆ ಬಂತು. ಕಿರಿಯ ಮಗಳು ನಾಗಲಿಂಗಮ್ಮನ ಮನೆಯ ಅಂಗಳ ದೊಡ್ಡದು, ಅಳಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ಬಾಯಿ ಸಣ್ಣದು. ಕಾರು ಕಾಯಲು ಇದಕ್ಕಿಂತ ಒಳ್ಳೆಯ ಸ್ಥಳ ಇರಲಿಲ್ಲ.

ಹಾಲಸ್ವಾಮಿಯವರು ಹರಪನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಅಳಿಯ ಕಾರು ನಡೆಸಿ ಬಸವೇಶ್ವರನ ಗುಡಿಗೆ ಕರೆದೊಯ್ದು, ತಿರುಗಿ ತಂದು, ಬಸ್ ಸ್ಟ್ಯಾಂಡಿಗೆ ಬಿಟ್ಟರೆ ಆಯಿತು. ಮಾವ ಬಸ್ಸು ಹತ್ತಿದ ಮೇಲೆ ಕಾರು ಮತ್ತೆ ತಾಡಪತ್ರಿಯ ಕೆಳಗೆ. ಮೇಷ್ಟ್ರು ಅದನ್ನು ತೊಳೆಯಬಹುದು, ಒರೆಸಬಹುದು, ಮೇಲೇರುವ ಕೋಳಿಗಳನ್ನು ಓಡಿಸಬಹುದು, ಬೆಳಗ್ಗೆ ಸ್ವಲ್ಪ ಹೊತ್ತು ಇಂಜಿನ್ ಚಾಲೂ ಮಾಡಿ ಸೀಟಿನಲ್ಲಿ ಕೂತಿರಬಹುದು. ಒಬ್ಬರೇ ಓಡಿಸಿಕೊಂಡು ಗೇಟು ದಾಟುವಂತಿರಲಿಲ್ಲ.

ಎಪ್ಪತ್ತೊಂಬತ್ತನೇ ಇಸವಿಯ ಜೂನ್ ತಿಂಗಳು. ಮಳೆಯ ಸುಳಿವಿರಲಿಲ್ಲ. ಒಂದು ದಿನ ಊಟಕ್ಕೆ ಕೂತ ಹಾಲಸ್ವಾಮಿಯವರು ರೊಟ್ಟಿ ಮುರಿಯುತ್ತ ಗುಡುಗಿದರು.

"ಅಳಿಯಂದ್ರ, ನನಗ ವಯಸ್ಸಾತು. ಕಾರು ಒಬ್ಬರ ಹೆಸರಿಗೆ ಮಾಡಿಬಿಡಬೇಕಂತ ಮಾಡೀನಿ."

ಮೇಷ್ಟ್ರು ರೊಟ್ಟಿಯನ್ನು ಪಲ್ಯದ ಬದಲು ನೀರಿನ ಲೋಟದಲ್ಲಿ ಅದ್ದಿದರು.

"ಇಬ್ಬರು ಅಳಿಯಂದ್ರು ಅದೀರಿ. ಯಾರು ಅದನ್ನ ಮರ್ಯಾದಿಲೆ ನೋಡ್ಕೊಂತೀರೋ ಅವರಿಗೆ. ಈಗ ನೋಡ್ರಿ, ಸುಣ್ಣ ಉದುರಿದ ಗ್ವಾಡಿ ಆದಂಗ ಆಗೈತಿ. ಬೆಳ್ಳಗ ಬಣ್ಣ ಹಚ್ಚಸ್ರಿ. ಮುಂದಿನ ಐತ್ವಾರ ಬಂದು ನೋಡ್ತೀನಿ. ಮನಸ್ಸಿಗೆ ಬಂದ್ರ ನಿಮಗ. ಬರಲಿಲ್ಲಂದ್ರ ಏಕಾಂತಪ್ಪ ಅದಾನ."

ಏಕಾಂತಪ್ಪನವರು ಹಿರಿಯ ಅಳಿಯ. ಹರಪನಹಳ್ಳಿಯಲ್ಲಿ ಟಯರಿನ ಅಂಗಡಿ. ಮೇಷ್ಟ್ರಿಗೆ ಷಡ್ಡಕ. ಷಡ್ಡಕ ಎಂಬ ಸಂಬಂಧವನ್ನು ಬ್ರಹ್ಮ ಯಾವ ಗಳಿಗೆಯಲ್ಲಿ ಸೃಷ್ಟಿಸಿದನೋ, ಒಬ್ಬರ ಎಲೆಯಲ್ಲಿ ಎರಡು ಹೋಳಿಗೆ ಬಿದ್ದರೆ ಇನ್ನೊಬ್ಬರಿಗೆ ಹೊಟ್ಟೆ ನೋಯುತ್ತದೆ. ಇಲ್ಲಿ ಬೀಳಲಿದ್ದುದು ಕಾರು.

ಬಿಳಿ ಬಣ್ಣ ಹಚ್ಚಿಸಿ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೇಷ್ಟ್ರು ಚಿತ್ರಗಾರರು. ಹೊಸಪೇಟೆಗೆ ಹೋದಾಗಲೆಲ್ಲ ರದ್ದಿ ಅಂಗಡಿಯಲ್ಲಿ ಕೂತು, ಹಂಪಿ ನೋಡಲು ಬಂದ ಪರದೇಶದವರು ಬಿಟ್ಟುಹೋದ ಬಣ್ಣದ ಪತ್ರಿಕೆಗಳನ್ನು ಮಕ್ಕಳಿಗೆ ಚಿತ್ರ ಬರೆಸಲೆಂದು ಆರಿಸಿ ತರುವುದು ಅವರ ರೂಢಿ. ಆ ವಾರ ಸಿಕ್ಕ ಪತ್ರಿಕೆಯಲ್ಲಿ ಎರಡು ಕಾರುಗಳು ಎದುರುಬದುರು ಪುಟದಲ್ಲಿ ನಿಂತಿದ್ದವು. ಮೇಷ್ಟ್ರು ಅದನ್ನು ಹಿಡಿದುಕೊಂಡು ಅಡುಗೆಮನೆಗೇ ಓಡಿದರು. ನಾಗಲಿಂಗಮ್ಮ ರೊಟ್ಟಿ ಬಡಿಯುತ್ತಿದ್ದರು.

"ನಾಗಿ, ಇಲ್ಲಿ ನೋಡು. ಇದು ಅಮೆರಿಕದ್ದು. ಫೋರ್ಡ್ ಮಸ್ಟಾಂಗ್."

"ಮಸ್ತ್ ಟಾಂಗಾ?"

"ಟಾಂಗಾ ಅಲ್ಲ. ಮುಂದ ಕುದುರಿ ಗುರುತು ಐತಿ, ಅಷ್ಟ."

"ಕುದುರಿ ಐತಿ ಅಂತೀರಿ, ಟಾಂಗಾ ಅಲ್ಲ ಅಂತೀರಿ. ಮುಂದ ಹೇಳ್ರಿ, ರೊಟ್ಟಿ ಸುಡ್ತೈತಿ."

"ಇದು ಜಪಾನಿಂದು. ಟೊಯೊಟಾ ಸೆಲಿಕಾ. ಎರಡೂ ಕೂಡಿಸಿ ನೋಡು. ಮೂತಿ ಉದ್ದ, ಹಿಂದ ಮೊಟಕು. ಹಿಂದಿನ ಗಾಲಿ ಮ್ಯಾಲ ತೊಡಿ ಉಬ್ಬಿದಂಗ ಉಬ್ಬು. ಹಿಂದಿನ ಗಾಜಿನ ಮ್ಯಾಲ ಅಡ್ಡಡ್ಡ ಪಟ್ಟಿ. ಬಾಲದ ದೀಪಾನೂ ಹಂಗs, ಕಡ್ಡಿ ಕಡ್ಡಿ. ಅಮೆರಿಕದ ಇಂಥಾ ಕಾರಿಗೆ ಮಸಲ್ ಕಾರ್ ಅಂತಾರ. ಮಸಲ್ ಅಂದ್ರ ಮಾಂಸಖಂಡ. ಪೈಲ್ವಾನ ಎದಿ ಉಬ್ಬಿಸಿ ನಿಂತಂಗ. ಜಪಾನಿನವರು ಅದರ ರೇಖಿ ಹಿಡದು, ಮೈ ಕರಗಿಸಿ, ಸಣ್ಣದು ಮಾಡ್ಯಾರ!"

ನಾಗಲಿಂಗಮ್ಮ ರೊಟ್ಟಿ ತಿರುವಿ ಹಾಕಿದರು. "ಅಂದ್ರ ನಮ್ಮಕ್ಕನ ಬೋರಮಾಳ ಸರ ನೋಡಿ ನಾನು ಮಾಡಿಸಿದಂಗ. ಗುಂಡು ಅವs, ಬಂಗಾರ ಕಮ್ಮಿ."

ಮೇಷ್ಟ್ರು ಹಿಗ್ಗಿಹೋದರು. ಇಡೀ ಕೊಟ್ಟೂರಿನಲ್ಲಿ ಇಷ್ಟು ಬೇಗ ಈ ವಿಷಯ ಹಿಡಿಯುವವರು ಇನ್ನೊಬ್ಬರಿರಲಿಲ್ಲ. "ಕರೆಕ್ಟ್! ನಿಮ್ಮಕ್ಕ ಅಮೆರಿಕ, ನೀನು ಜಪಾನು!"

ರೊಟ್ಟಿ ಬಡಿಯುವ ಸದ್ದು ನಿಂತಿತು. ಆ ಮನೆಯಲ್ಲಿ ಅದು ನಿಂತರೆ ಹೊರಗೆ ಹೋಗಿಬಿಡುವುದು ಒಳ್ಳೆಯದು. ಮೇಷ್ಟ್ರಿಗೆ ತಡವಾಗಿ ನೆನಪಾಯಿತು.

"ನಾನು ನಕಲಿ ಅಂತೀರೇನು?"

"ನಕಲಿ ಅಲ್ಲ ಮಾರಾಯ್ತಿ! ಜಪಾನಿಂದು ಇನ್ನೂ ಚಂದ. ಸಪೂರ, ಚುರುಕು..."

"ಹಂಗಾದ್ರ ನಮ್ಮಕ್ಕ ಪೈಲ್ವಾನ ಅಂತೀರೇನು?"

ಯಾವ ಉತ್ತರ ಕೊಟ್ಟರೂ ಊಟಕ್ಕೆ ಕುತ್ತು ಬರುವಂಥ ಪ್ರಶ್ನೆ ಅದು. ಮೇಷ್ಟ್ರು ಪತ್ರಿಕೆ ಮಡಚಿದರು. ನಾಗಲಿಂಗಮ್ಮ ಹಿಟ್ಟಿನ ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕಾರಿಗೆ ಏನು ಮಾಡಾಕ ಹೊಂಟೀರಿ?"

"ಏನೂ ಇಲ್ಲ. ಮಾವಾರು ಹೇಳಿದಂಗ ಬೆಳ್ಳಗ ಬಣ್ಣ."

"ನಿಮ್ಮ ಕಣ್ಣು ನೋಡಿದ್ರ ಬೆಳ್ಳಗ ಕಾಣವಲ್ದು. ನೋಡ್ರಿ, ಆ ಕಾರು ಏಕಾಂತಪ್ಪ ಮಾಮಾನ ಮನಿಗೆ ಹೋತಂದ್ರ, ನಮ್ಮಕ್ಕ ಅದರಾಗ ಕುಂತು ನಮ್ಮ ಬಾಗಲ ಮುಂದ ಬಂದು ಇಳದ್ಲಂದ್ರ, ನಾನು ನಿಮ್ಮನ್ನ ಏನು ಮಾಡ್ತೀನಿ ನನಗs ಗೊತ್ತಿಲ್ಲ."

ಮೇಷ್ಟ್ರಿಗೂ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಆದರೆ ರಾತ್ರಿಯಿಡೀ ಕಣ್ಣ ಮುಂದೆ ಆ ಉದ್ದ ಮೂತಿ ಬಂದು ನಿಲ್ಲುತ್ತಿತ್ತು. ಬೆಳಗಾಗುವಷ್ಟರಲ್ಲಿ ಮನಸ್ಸು ವಕೀಲನ ಹಾಗೆ ವಾದ ಹೂಡಿತ್ತು: ಮಾವನವರು ಹೇಳಿದ್ದು ಬಿಳಿ ಬಣ್ಣ. ಬಿಳಿಯ ಮೇಲೆ ಇನ್ನೇನೂ ಇರಬಾರದು ಎಂದು ಹೇಳಿಲ್ಲ. ಅಂಥ ಕಾರು ನೋಡಿದರೆ ಅವರೇ ಬೆರಗಾಗಿ ಕೈಯಲ್ಲಿ ಕೀಲಿ ಇಟ್ಟುಬಿಡುತ್ತಾರೆ.

ಹಗರಿಬೊಮ್ಮನಹಳ್ಳಿಯ ಹೊರಗೆ ಲಾರಿಗೆ ಬಾಡಿ ಕಟ್ಟುವ ಒಂದು ಶೆಡ್ಡು. ಅಲ್ಲಿ ತಗಡಿನ ಕೆಲಸ, ಬಣ್ಣದ ಕೆಲಸ ಎರಡೂ ಜೋಗಪ್ಪನದು. ಅವನು ಲಾರಿಯ ಹಿಂದೆ ಬರೆದ ಹುಲಿಯನ್ನು ಕಂಡು ಎತ್ತುಗಳು ಕಣ್ಣಿ ಹರಿದುಕೊಂಡಿವೆ ಎಂಬ ಕೀರ್ತಿ ಇತ್ತು. ಮೇಷ್ಟ್ರು ಮೊದಲ ಬಾರಿಗೆ ಒಬ್ಬರೇ ಕಾರು ನಡೆಸಿಕೊಂಡು ಅಲ್ಲಿಗೆ ಹೋದಾಗ ಶೆಡ್ಡಿನಲ್ಲಿ ನಾಲ್ಕು ಸುತ್ತಿಗೆಗಳು ಒಟ್ಟಿಗೆ ತಗಡು ಬಡಿಯುತ್ತಿದ್ದವು. ಮಾತು ಕೇಳಬೇಕೆಂದರೆ ಕಿವಿಯಲ್ಲೇ ಕೂಗಬೇಕು.

"ಮೈಯೆಲ್ಲ ಬಿಳಿ!" ಎಂದು ಕೂಗಿದರು ಮೇಷ್ಟ್ರು, ತಾವು ಬರೆದ ಚಿತ್ರ ಹಿಡಿದು. "ಎರಡು ನೀಲಿ ಪಟ್ಟಿ! ಮುಂದ ತಗಡು ಕೊಟ್ಟು ಮೂತಿ ಉದ್ದ ಮಾಡು! ಹಿಂದಿನ ಗಾಜಿನ ಮ್ಯಾಲ ಅಡ್ಡಡ್ಡ ತಗಡಿನ ಪಟ್ಟಿ!"

"ಎಂಥಾ ಕಾರು ರೀ ಇದು?"

"ಮಸಲ್ ಕಾರು!"

"ಏನಂದ್ರಿ?"

"ಮಸಲ್! ಮಸಲ್ ಕಾರು!"

ಜೋಗಪ್ಪ ಚಿತ್ರವನ್ನು ನೋಡಿದ. ಓರೆ ಮಾಡಿ ನೋಡಿದ. ಮುಖ ಅರಳಿತು. "ಹೌದಲ್ರೀ! ಮೂತಿ ನೋಡಿದ್ರs ಗೊತ್ತಾಕೈತಿ!"

"ಅಮೆರಿಕದ್ದು ದೊಡ್ಡದು! ಜಪಾನಿಂದು ಅದರಂಗs, ಸಣ್ಣದು!"

"ಮರಿ ಅನ್ರಿ!"

"ಹ್ಞಾಂ, ಮರಿ ಅಂತ ತಿಳಕೋ! ಕೆಟ್ಟ ಮಾಡಬ್ಯಾಡ ಮತ್ತ, ನನ್ನ ಮಾನದ ಪ್ರಶ್ನಿ!"

"ನೋಡ್ಕೊಂತ ಇರ್ರಿ ಮೇಷ್ಟ್ರ! ಶನಿವಾರ ಬರ್ರಿ. ಜೀವ ತುಂಬಿ ಇಟ್ಟಿರ್ತೀನಿ!"

ಬಸ್ಸಿನ ಹೊತ್ತಾಗಿತ್ತು. ಮೇಷ್ಟ್ರು ನಿಶ್ಚಿಂತೆಯಿಂದ ಹತ್ತಿದರು. ಕಲೆಗಾರನಿಗೆ ಕಲೆಗಾರ ಸಿಕ್ಕರೆ ಎಷ್ಟು ಹಗುರ ಎಂದುಕೊಂಡರು.

ನಿಶ್ಚಿಂತೆ ಹೆಚ್ಚು ದಿನ ಬಾಳಲಿಲ್ಲ. ಖಾಲಿ ಅಂಗಳ ಕಂಡಾಗಲೆಲ್ಲ ಒಂದೊಂದು ಸಂಶಯ ಏಳುತ್ತಿತ್ತು. ಪಟ್ಟಿ ಅಗಲವಾದರೆ? ಮೂತಿ ಬಹಳ ಉದ್ದವಾದರೆ? ಶಾಲೆಯಲ್ಲಿ ಹಲಗೆಯ ಮೇಲೆ ಹೂಜಿ ಬರೆಯಲು ಹೋಗಿ ಅದಕ್ಕೆ ಗಾಲಿ ಬರೆದರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ತಾವೊಬ್ಬರೇ ಹೋಗಿ ಕಾರು ನೋಡಿ, ಅತಿಯಾಗಿದ್ದರೆ ಸ್ವಲ್ಪ ಒರೆಸಿಯಾದರೂ ತರಬೇಕು ಎಂದು ಲೆಕ್ಕ ಹಾಕಿ ಮನೆಗೆ ಓಡಿ ಬಂದರು. ಬಾಗಿಲ ಕಟ್ಟೆಯ ಮೇಲೆ ಬಿಳಿ ರುಮಾಲು ಸುತ್ತಿ, ಹಣೆತುಂಬ ವಿಭೂತಿ ಧರಿಸಿ, ಕೈಯಲ್ಲಿ ಬೆತ್ತ ಹಿಡಿದು ಹಾಲಸ್ವಾಮಿಯವರು ಕೂತಿದ್ದರು. ಪಕ್ಕದಲ್ಲಿ ಏಕಾಂತಪ್ಪನವರು ಚಹಾ ಹೀರುತ್ತಿದ್ದರು.

"ನಾಳೆ ಅಮಾಸಿ," ಎಂದರು ಹಾಲಸ್ವಾಮಿಯವರು. "ಹೊಸ ಬಣ್ಣದ ಗಾಡಿಗೆ ಬೆಳಗ್ಗೆ ಪೂಜಿ ಮಾಡಿಸಬೇಕಂತ ಇವತ್ತs ಬಂದ್ವಿ. ಕಾರೆಲ್ಲಿ?"

"ಹಗರಿಬೊಮ್ಮನಹಳ್ಳ್ಯಾಗ, ಮಾವಾರ."

"ಯಾಕ, ಕೊಟ್ಟೂರಾಗ ಬಣ್ಣ ಖಾಲಿ ಆಗಿತ್ತೇನು?"

"ಮೇಷ್ಟ್ರು ಚಿತ್ರಗಾರರು, ಮಾವಾರ," ಎಂದರು ಏಕಾಂತಪ್ಪನವರು, ಬಸಿಯಲ್ಲಿ ಉಳಿದ ಚಹಾವನ್ನೂ ಬಿಡದೆ ಕುಡಿದು. "ಅವರಿಗೆ ನಮ್ಮಂಗ ಡಬ್ಬಿ ಬಣ್ಣ ನಡಿಯಂಗಿಲ್ಲ. ಏನರ ಕಲಾ ತೋರ್ಸಿರ್ತಾರ."

"ನಾನು ಹೋಗಿ ತಂದುಬಿಡ್ತೀನಿ, ನೀವು ಆರಾಮ ಕುಂದರ್ರಿ," ಎಂದರು ಮೇಷ್ಟ್ರು.

"ಯಾಕ ಒಬ್ಬರs ಹೋಗ್ತೀರಿ? ಎಲ್ಲರೂ ಹೋಗೋಣ. ಬರೋವಾಗ ಕಾರಾಗ ಕುಂತು ಬಂದ್ರಾತು. ನಾಗಲಿಂಗಿ, ನೀನೂ ನಡಿಯವ್ವ."

ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರು ಹೆಂಡತಿಯನ್ನು ಕಡಲೆಪುರಿ ಗಾಡಿಯ ಮರೆಗೆ ಕರೆದರು. ಅವರ ಮುಖ ಸುಣ್ಣವಾಗಿತ್ತು.

"ನಾಗಿ, ಸ್ವಲ್ಪ ಪಟ್ಟಿ ಹಾಕಿಸೀನಿ."

"ಎಷ್ಟು ಸ್ವಲ್ಪ?"

"ಎರಡು. ನೀಲಿವು."

"ಮತ್ತ?"

"ಹಿಂದಿನ ಗಾಜಿನ ಮ್ಯಾಲ ಒಂದಿಷ್ಟು ತಗಡು."

"ಮತ್ತ?"

"ಮೂತಿ ಒಂಚೂರು ಮುಂದಕ್ಕ..."

ನಾಗಲಿಂಗಮ್ಮ ಸೆರಗು ಬಿಗಿದು ಬಸ್ಸು ಹತ್ತಿದರು. ಬಸ್ಸಿನಲ್ಲಿ ಮುಂದಿನ ಹೆಂಗಸರ ಸೀಟಿನಲ್ಲಿ ಕೂತು ಅವರು ಒಂದೊಂದು ಊರು ದಾಟಿದಾಗಲೂ ಒಮ್ಮೆ ಹಿಂದಿರುಗಿ ನೋಡುತ್ತಿದ್ದರು. ಮೇಷ್ಟ್ರ ಅಂಗಿಯ ಬೆನ್ನು ಬೆವರಿಗೆ ಸೀಟಿಗಂಟಿತ್ತು. ಟಯರು ಪಂಕ್ಚರಾಗಲಿ ಎಂದು ಬಸವೇಶ್ವರನಿಗೆ ಹರಕೆ ಹೊತ್ತರು. ಟಯರಿನ ವ್ಯಾಪಾರಿ ಪಕ್ಕದಲ್ಲೇ ಕೂತಿದ್ದರಿಂದಲೋ ಏನೋ, ಒಂದೂ ಪಂಕ್ಚರಾಗಲಿಲ್ಲ.

ಶೆಡ್ಡಿನ ಮುಂದೆ ಜನ ಸೇರಿತ್ತು. ಕಾರಿನ ಮೇಲೆ ತಾಡಪತ್ರಿ ಹೊದಿಸಿದ್ದರು. ಜೋಗಪ್ಪ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ. ಲಾರಿ ಡ್ರೈವರುಗಳು ಬೀಡಿ ಆರಿಸಿ ದಾರಿ ಬಿಟ್ಟರು.

"ಬರ್ರಿ ಮೇಷ್ಟ್ರ! ಇಂಥಾ ಕೆಲಸ ನನ್ನ ಜನ್ಮದಾಗ ಮಾಡಿದ್ದಿಲ್ಲ," ಎನ್ನುತ್ತ ಜೋಗಪ್ಪ ತಾಡಪತ್ರಿಯನ್ನು ಸರಕ್ಕನೆ ಎಳೆದ.

ಅಲ್ಲಿ ಒಂದು ಮೊಸಳೆ ಮಲಗಿತ್ತು.

ಬಾನೆಟ್ಟಿನ ಮುಂದೆ ತಗಡಿನ ಉದ್ದ ಮೂತಿ. ಅದರ ಕೆಳಗೆ ಸಾಲು ಸಾಲು ಹಲ್ಲು. ಎರಡು ಹೆಡ್‌ಲೈಟುಗಳ ಮೇಲೆ ದಪ್ಪ ರೆಪ್ಪೆ. ಮೈಯೆಲ್ಲ ಹಸಿರು, ಹಸಿರಿನ ಮೇಲೆ ಒಂದೊಂದೇ ಬಿಡಿಸಿದ ಪೊರೆ. ಚಾವಣಿಯಿಂದ ಹಿಂದಿನ ಗಾಜಿನವರೆಗೆ ಬೆನ್ನ ಮೇಲಿನ ಮುಳ್ಳಿನಂತೆ ಎದ್ದ ತಗಡಿನ ಪಟ್ಟಿಗಳು. ನಾಲ್ಕು ಗಾಲಿಗಳ ಮೇಲೆ ನಾಲ್ಕು ಪಂಜ.

ಮೇಷ್ಟ್ರು ಬಾಯಿ ತೆರೆದರು. ಮೊಸಳೆಯದಕ್ಕಿಂತ ಅವರದೇ ದೊಡ್ಡದಾಗಿತ್ತು.

"ನಾನು ಹೇಳಿದ್ದು ಮಸಲ್!"

"ನಾನೂ ಅದನ್ನs ಅಂತೀನ್ರಿ, ಮೊಸಳಿ!" ಎಂದ ಜೋಗಪ್ಪ ಹೆಮ್ಮೆಯಿಂದ.

"ಬಿಳಿ ಬಣ್ಣ ಎಲ್ಲಿ?"

"ಹೊಟ್ಟಿಗೆ ಹಚ್ಚೀನಲ್ರಿ, ಬಗ್ಗಿ ನೋಡ್ರಿ. ಹಲ್ಲಿಗೂ ಅದನ್ನs ಹಚ್ಚೀನಿ."

"ನೀಲಿ ಪಟ್ಟಿ?"

"ಅದು ಹೊಳಿ ಅಂತ ನನಗ ಹೇಳಬೇಕೇನ್ರಿ? ಬಾಗಲದ ಮ್ಯಾಲ ಎರಡೂ ಕಡಿ ಹರಿಸೀನಿ. ನಿಮ್ಮ ಚಿತ್ರದಾಗ ಮೀನು ಇದ್ದಿಲ್ಲ. ನಾನs ಎರಡು ಬಿಟ್ಟೀನಿ, ಅದಕ್ಕೇನೂ ಕೊಡಬ್ಯಾಡ್ರಿ."

ಏಕಾಂತಪ್ಪನವರು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಲಾರಿಯ ಹಿಂದೆ ಹೋದರು. ಅಲ್ಲಿಂದ ಏನೋ ಕುದಿಯುವಂಥ ಸದ್ದು ಬಂತು. ಹಾಲಸ್ವಾಮಿಯವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡು ನೋಡಿದರು, ಮತ್ತೆ ತೆಗೆದರು. ಕನ್ನಡಕದ ತಪ್ಪಲ್ಲ ಎಂದು ಖಾತ್ರಿಯಾದ ಮೇಲೆ ಬೆತ್ತವನ್ನು ನೆಲಕ್ಕೆ ಊರಿದರು.

"ಇದು ಯಾರ ತಲಿ?"

ಸುತ್ತಿಗೆಗಳೂ ನಿಂತಿದ್ದವು. ಮೇಷ್ಟ್ರು ಮೊಸಳೆಯನ್ನೇ ನೋಡುತ್ತ ನಿಂತರು. ಕಾರು ಕೈ ಬಿಟ್ಟಿತ್ತು. ಇನ್ನು ಉಳಿದದ್ದು ಕಾರಿನ ಜೊತೆ ಮರ್ಯಾದೆ ಎಷ್ಟು ಹೋಗುತ್ತದೆ ಎಂಬುದು ಮಾತ್ರ.

"ಕೇಳಿದ್ದು ಕೇಳಸ್ಲಿಲ್ಲೇನು? ಯಾರ ತಲಿ?"

"ನಂದು, ಅಪ್ಪಾಜಿ," ಎಂದಿತು ಒಂದು ಧ್ವನಿ.

ನಾಗಲಿಂಗಮ್ಮ ಸೆರಗು ಹೊದ್ದು ಮುಂದೆ ಬಂದು ನಿಂತಿದ್ದರು. "ಅವರು ಬೆಳ್ಳಗ ಹಚ್ಚಸ್ತೀನಿ ಅಂದ್ರು. ನಾನs ಹಿಂಗ ಮಾಡಸ್ರಿ ಅಂತ ಹಟ ಹಿಡದೆ. ಬೈಯೋದಾದ್ರ ನನ್ನ ಬೈರಿ."

ಮೇಷ್ಟ್ರ ಕಣ್ಣು ತುಂಬಿ ಬಂತು. ಇಂಥ ಸತಿ ಯಾರಿಗುಂಟು! ಯಾರೂ ನೋಡದ ಹಾಗೆ ಹೆಂಡತಿಯ ಕೈ ಹಿಡಿಯಲು ಹೋದರು. ನಾಗಲಿಂಗಮ್ಮ ಯಾರೂ ನೋಡದ ಹಾಗೆ ಚಿವುಟಿದರು, ಚರ್ಮ ಬರುವಂತೆ.

ಹಾಲಸ್ವಾಮಿಯವರು ಈ ಕಿರಿಯ ಮಗಳಿಗೆ ಒಂದು ದಿನವೂ ಬೈದವರಲ್ಲ. ಬೈಗುಳ ನುಂಗಿದ್ದಕ್ಕೆ ಮುಖ ಕೆಂಪಾಯಿತು. "ಕಾರು ಹತ್ರಿ," ಎಂದರು. "ಕಾರು ಯಾರಿಗೆ ಅಂತ ಕೊಟ್ಟೂರು ಮುಟ್ಟಿದ ಮ್ಯಾಲ ಹೇಳ್ತೀನಿ."

ಏಕಾಂತಪ್ಪನವರು ಮಾವನ ಪಕ್ಕದಲ್ಲಿ ಕೂತರು. ಮುಖದ ಮೇಲೆ ಕಾರಿನ ಮಾಲೀಕನ ಕಳೆ ಆಗಲೇ ಬಂದಿತ್ತು. "ಚಿಂತಿ ಮಾಡಬ್ಯಾಡ್ರಿ, ಮಾವಾರ. ನಾನು ಎರಡು ದಿನದಾಗ ಇದನ್ನ ಕೆರೆಸಿ ಬೆಳ್ಳಗ ಮಾಡಸ್ತೀನಿ. ನಮ್ಮನಿ ಹಿಂದ ಜಾಗಾನೂ ಮಾಡೀನಿ."

ಮೇಷ್ಟ್ರಿಗೆ ಕನ್ನಡಿಯಲ್ಲಿ ಬಿಳಿ ರುಮಾಲು ಮಾತ್ರ ಕಾಣುತ್ತಿತ್ತು. ಅದು ಅಲುಗುತ್ತಿರಲಿಲ್ಲ. ಹಿಂದಿನ ಗಾಜಿನ ತಗಡುಗಳಿಂದ ಬಿಸಿಲು ಪಟ್ಟಿ ಪಟ್ಟಿಯಾಗಿ ರುಮಾಲಿನ ಮೇಲೆ ಬೀಳುತ್ತಿತ್ತು. (ಪತ್ರಿಕೆಯ ಚಿತ್ರದಲ್ಲಿ ಹೀಗೇ ಇತ್ತಲ್ಲ ಎಂದು ಅಂಥ ಹೊತ್ತಿನಲ್ಲೂ ಮೇಷ್ಟ್ರಿಗೆ ಅನ್ನಿಸಿತು.)

ಪೇಟೆ ದಾಟುವಾಗ ಮಕ್ಕಳು "ಮೊಸಳಿ ಬಂತು, ಮೊಸಳಿ!" ಎಂದು ಬೆನ್ನಟ್ಟಿದರು. ಊರ ಹೊರಗೆ ರಸ್ತೆಯ ನಡುವೆ ಎಮ್ಮೆಗಳ ಹಿಂಡು. ಹಾರನ್ನಿಗೆ ಜಗ್ಗದ ಜಾತಿ ಅದು. ಆದರೆ ಮುಂದಿನ ಎಮ್ಮೆ ಮೂತಿಯನ್ನು ನೋಡಿತು, ಹಲ್ಲನ್ನು ನೋಡಿತು, ಬಾಲ ಎತ್ತಿ ಹೊಲಕ್ಕೆ ಹಾರಿತು. ಉಳಿದವೂ ಹಾರಿದವು. ಎದುರಿಗೆ ಬಂದ ಲಾರಿ ಪೂರ್ತಿ ರಸ್ತೆ ಬಿಟ್ಟು ಮಣ್ಣಿಗಿಳಿದು ನಿಂತಿತು. ಡ್ರೈವರು ಕಿಟಕಿಯಿಂದ ಸಲಾಮು ಹೊಡೆದ. ಕನ್ನಡಿಯೊಳಗಿನ ರುಮಾಲು ಸ್ವಲ್ಪ ಅಲುಗಿದಂತಾಯಿತು. ಸಿಟ್ಟಿಗೋ ಮತ್ತೆ ಯಾವುದಕ್ಕೋ, ತಿಳಿಯಲಿಲ್ಲ.

ಮುಂದಿನ ಹಳ್ಳಿಯಲ್ಲಿ ರಸ್ತೆಯ ಬದಿಯ ಬೋರಿನ ಮುಂದೆ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಅವರಲ್ಲಿ ಭರಮಮ್ಮ ಎಂಬ ಮುದುಕಿ ಕಾರನ್ನು ಕಂಡವಳೇ ಕೊಡ ಹೊತ್ತು ನಡುರಸ್ತೆಗೆ ಬಂದು ಅಡ್ಡ ನಿಂತಳು. ಮೇಷ್ಟ್ರು ಬ್ರೇಕು ತುಳಿದರು. ತಗಡಿನ ಹಲ್ಲು ಮುದುಕಿಯ ಸೀರೆಯಿಂದ ಒಂದು ಗೇಣು ದೂರದಲ್ಲಿ ನಿಂತಿತು.

"ಬರ್ರೇ, ಬರ್ರೇ!" ಎಂದು ಮುದುಕಿ ಕೂಗಿದಳು. "ಗಂಗಮ್ಮನ ವಾಹನ ಬಂದೈತಿ! ಒಳಗ ಸ್ವಾಮೇರು ಅದಾರ!"

ಹೆಂಗಸರೆಲ್ಲ ಕೊಡ ಸಮೇತ ಓಡಿ ಬಂದರು. ಮೊಸಳೆ ಗಂಗೆಯ ವಾಹನ ಎಂಬುದು ಮೇಷ್ಟ್ರಿಗೆ ಆಗ ನೆನಪಾಯಿತು. ಮುದುಕಿ ಹಿಂದಿನ ಕಿಟಕಿಯ ಹತ್ತಿರ ಬಂದು ಕೈ ಮುಗಿದಳು.

"ಸ್ವಾಮೇರ ಹೆಸರೇನ್ರಿ?"

"ಹಾಲಸ್ವಾಮಿ," ಎಂದರು ಹಾಲಸ್ವಾಮಿಯವರು, ಇದ್ದದ್ದನ್ನು ಇದ್ದ ಹಾಗೆ.

ಇನ್ನು ಹೇಳುವುದೇನು? ಗಾಲಿಗೆ ನೀರು, ಮೂತಿಗೆ ನೀರು, ಬೆನ್ನಿಗೆ ನೀರು. ಒಬ್ಬಾಕೆ ಒಂದೊಂದು ಹಲ್ಲಿಗೂ ಕುಂಕುಮ ಹಚ್ಚಿದಳು. ಇನ್ನೊಬ್ಬಾಕೆ ಚಾವಣಿಗೆಂದು ಎರಚಿದ ಕೊಡದ ನೀರು ತೆರೆದಿದ್ದ ಕಿಟಕಿಯೊಳಗೆ ನುಗ್ಗಿ ಏಕಾಂತಪ್ಪನವರನ್ನು ಆಪಾದಮಸ್ತಕ ತೋಯಿಸಿತು. ಹೆಂಗಸರು ಸಾಲಾಗಿ ಬಂದು ಮಳೆ ಕೇಳಿದರು. ಹಾಲಸ್ವಾಮಿಯವರು ಮೊದಲು ಕೈ ಅಡ್ಡ ಆಡಿಸಿ ಬೇಡವೆಂದರು. ಎರಡನೆಯ ಸಾಲಿಗೆ ಕೈ ಅರ್ಧ ಎತ್ತಿದರು. ಮೂರನೆಯ ಸಾಲಿಗೆ ಪೂರ್ತಿ ಎತ್ತಿ ಆಶೀರ್ವಾದ ಮಾಡಿದರು. (ಮಳೆ ಬರಲಿಲ್ಲ. ಅದು ಬೇರೆ ವಿಷಯ.)

ಕಾರು ಹಳ್ಳಿ ದಾಟಿತು. ಹಿಂದಿನ ಸೀಟಿನಿಂದ ಗಂಟಲು ಸರಿಮಾಡಿಕೊಂಡ ಸದ್ದು.

"ಮೇಷ್ಟ್ರ."

"ಮಾವಾರ?"

"ಸಾವಕಾಶ ಹೊಡೀರಿ. ಮುಂದಿನ ಊರಾಗೂ ಮಂದಿ ಅದಾರ."

ಮೇಷ್ಟ್ರ ಎದೆಯಲ್ಲಿ ಡೊಳ್ಳು ಬಡಿಯಿತು. ಕಾರು ಬದುಕಿತು! ಕಾರು ಬಂತು! ಏಕಾಂತಪ್ಪನವರು ಅಂಗಿ ಹಿಂಡಿಕೊಳ್ಳುತ್ತ "ಕೆರೆಸೋದು..." ಎಂದರು. "ಕೆರಸ್ತಾನಂತ ಕೆರಸ್ತಾನ," ಎಂದರು ಮಾವ. "ಗಂಗಮ್ಮನ ಮೈ ಕೆರಸ್ತೀಯೇನೋ?"

ಕೊಟ್ಟೂರು ಮುಟ್ಟುವಷ್ಟರಲ್ಲಿ ಹಾಲಸ್ವಾಮಿಯವರು ಹತ್ತು ಹಳ್ಳಿಗೆ ಮಳೆ ಹಂಚಿದ್ದರು. ಇಳಿದವರೇ ಅಂಗಳದಲ್ಲಿ ನಿಂತು ಮೊಸಳೆಯ ಮೂತಿಯ ಮೇಲೆ ಕೈಯಾಡಿಸಿದರು. ಕಾಂಪೌಂಡಿನ ಮೇಲೆ ಓಣಿಯ ಜನ ಸಾಲಾಗಿ ಹತ್ತಿದ್ದರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಇನ್ನು ಸತ್ಯ ಹೇಳಿದರೆ ನಷ್ಟವಿಲ್ಲ, ಲಾಭವೇ ಎಂದು ತೋರಿತು.

"ಮಾವಾರ, ಖರೇ ಹೇಳಬೇಕಂದ್ರ ಇದು ನನ್ನ..."

"ನೀವು ಸುಮ್ನಿರ್ರಿ, ಮೇಷ್ಟ್ರ! ಬರೀ ಬೆಳ್ಳಗ ಹಚ್ಚಸ್ತೀನಿ ಅಂದಾವ್ರು ನೀವು, ಈಗ ನಡುವ ಬಾಯಿ ಹಾಕಬ್ಯಾಡ್ರಿ. ನಾಗಲಿಂಗಿ, ಇದು ನಿನಗ ಹೆಂಗ ಹೊಳೀತವ್ವ?"

ನಾಗಲಿಂಗಮ್ಮ ಒಮ್ಮೆ ಗಂಡನ ಕಡೆ ನೋಡಿದರು. ಅದರಲ್ಲಿ ಒಂದು ವಾರದ ಲೆಕ್ಕವೆಲ್ಲ ಇತ್ತು. ಆಮೇಲೆ ಸೆರಗು ಸರಿಮಾಡಿಕೊಂಡರು.

"ಏನಿಲ್ಲ, ಅಪ್ಪಾಜಿ. ಅಮೆರಿಕದವರು ದೊಡ್ಡ ಮೂತಿದು ಒಂದು ಕಾರು ಮಾಡಿದ್ರು. ಜಪಾನಿನವರು ಅದನ್ನ ನೋಡಿ ಸಣ್ಣದು ಮಾಡಿದ್ರು. ಅವರಿಬ್ಬರೂ ಮಾಡಬಹುದಂತ, ನಾವ್ಯಾಕ ಮಾಡಬಾರದು ಅಂತ ವಿಚಾರ ಮಾಡಿದೆ."

"ಕೇಳಿದ್ರ್ಯಾ?" ಎಂದು ಹಾಲಸ್ವಾಮಿಯವರು ಕಾಂಪೌಂಡಿನ ಮೇಲಿದ್ದವರನ್ನೆಲ್ಲ ಕೇಳಿದರು. "ಮನ್ಯಾಗ ಕುಂತು ಜಪಾನಿನ ತನಕ ವಿಚಾರ ಮಾಡ್ಯಾಳ! ಅಳಿಯಂದ್ರು ಬ್ಯಾಡ, ಗಿಳಿಯಂದ್ರು ಬ್ಯಾಡ. ಕಾರು ನನ್ನ ಮಗಳ ಹೆಸರಿಗೆ!"

"ನಿಮ್ಮ ಮಾತು ಮೀರಾಕ ಆಕೈತೇನು, ಅಪ್ಪಾಜಿ," ಎಂದು ನಾಗಲಿಂಗಮ್ಮ ತಂದೆಯ ಕಾಲಿಗೆ ನಮಸ್ಕರಿಸಿದರು. ಷಡ್ಡಕರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮದುವೆಯಾದಂದಿನಿಂದ ಅವರಿಬ್ಬರೂ ಒಂದೇ ಮನಸ್ಸಿನವರಾಗಿದ್ದು ಅದೇ ಮೊದಲು.

"ಇನ್ನೊಂದು ಮಾತು," ಎಂದರು ಹಾಲಸ್ವಾಮಿಯವರು, ಮೇಷ್ಟ್ರನ್ನು ಹೊಸ ಸಾಮಾನು ನೋಡುವ ಹಾಗೆ ನೋಡಿ. "ಇಂಥಾ ಗಾಡಿ ಹೊಡಿಯಾವ ಬರೀ ತಲಿಲೆ ಕುಂತ್ರ ಶೋಭಾ ಅಲ್ಲ. ಮೇಷ್ಟ್ರಿಗೆ ಒಂದು ಖಾಕಿ ಟೋಪಿಗಿ ಹೊಲಿಸಿಬಿಡವ್ವ. ನಾಳೆ ಪೂಜಿ ಆದಮ್ಯಾಲ ಮೈಲಾರದ ಗುಡಿಗೆ ಹೋಗಿ ಬರೋಣು."

ನಾಗಲಿಂಗಮ್ಮ ಒಳಗೆ ಹೋಗಿ ಒಂದು ದಾರದ ಉಂಡೆ ತಂದರು. ಓಣಿಯ ಜನರೆಲ್ಲ ನೋಡುತ್ತಿದ್ದಂತೆ ಗಂಡನ ತಲೆಗೆ ದಾರ ಸುತ್ತಿ ಅಳತೆ ಹಿಡಿದರು.

"ಒಂಚೂರು ತಲಿ ತಗ್ಗಸ್ರಿ," ಎಂದರು.

ಮೇಷ್ಟ್ರು ತಗ್ಗಿಸಿದರು.

"ಅಷ್ಟು ಬ್ಯಾಡ್ರಿ. ಮುಂದ ದಾರಿ ಕಾಣಬೇಕಲ್ಲ."